ತೊಳೆಯದ ದೋಣಿ

ಮುದುಕ ಅಷ್ಟು ಸಲೀಸಾಗಿ ಉತ್ತರ ಕೊಟ್ಟಿದ್ದು ಅವಳಿಗೆ ಹಿಡಿಸಲಿಲ್ಲ. ದೋಣಿ ಕೊನೆಯ ಸಲ ಯಾವ ನೀರಿನಲ್ಲಿತ್ತು, ಎಷ್ಟು ದಿನ ಒಣಗಿತ್ತು, ತಳದ ಬಿರಡೆ ತೆಗೆದು ನೀರು ಬಸಿದಾಗಿದೆಯೇ, ಮೂರಕ್ಕೂ ಅವನು ತಡವರಿಸದೆ ಹೇಳಿದ, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ. ನಿಜ ಹೇಳುವವರು ಸ್ವಲ್ಪವಾದರೂ ಯೋಚಿಸುತ್ತಾರೆ ಎಂಬುದು ಕೆಳಗಿನ ಕೆರೆಯ ಈ ತಪಾಸಣೆ ಕಟ್ಟೆಯಲ್ಲಿ ನಾಲ್ಕು ವರ್ಷ ನಿಂತು ಅವಳು ಕಂಡುಕೊಂಡದ್ದು. ಹಾಗಂತ ಯೋಚಿಸಿ ಹೇಳುವವರನ್ನೂ ಅವಳು ಬಿಡುತ್ತಿರಲಿಲ್ಲ. ಇಷ್ಟು ಸಣ್ಣ ಪ್ರಶ್ನೆಗೆ ಯೋಚನೆ ಯಾಕೆ ಬೇಕು ಎಂದು ಅವರ ದೋಣಿಯನ್ನು ಇನ್ನೂ ಹೆಚ್ಚು ಹೊತ್ತು ತಡಕುತ್ತಿದ್ದಳು. ಮೊಣಕಾಲೂರಿ ಕೂತು ಎಂಜಿನ್ನಿನ ರೆಕ್ಕೆಯ ಹಿಂದೆ, ಲಂಗರಿನ ಹಗ್ಗದ ಗಂಟುಗಳೊಳಗೆ, ದೋಣಿ ಹೊತ್ತ ಗಾಡಿಯ ಚಕ್ರದ ಸಂದಿಯಲ್ಲಿ ಬೆರಳಾಡಿಸಿದಳು. ಏನೂ ಇರಲಿಲ್ಲ. ಏನೂ ಇಲ್ಲದಿದ್ದಾಗ ಸಮಾಧಾನವಾಗುವ ಬದಲು ತನಗೆ ಕಾಣಿಸಲಿಲ್ಲ ಅಷ್ಟೆ ಎನ್ನಿಸುವುದು ಈಚೆಗೆ ಹೆಚ್ಚಾಗಿತ್ತು. ಕೊರಳಲ್ಲಿ ನೇತುಹಾಕಿಕೊಂಡ ಮಸೂರದಿಂದಾಗಿ ಮೀನುಗಾರರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು, ಅದರಲ್ಲಿ ಕನ್ನಡಿಗಿಂತ ಭೂತಕ್ಕೇ ಒತ್ತು ಹೆಚ್ಚು ಎಂದು ಅವಳಿಗೂ ಗೊತ್ತಿತ್ತು. ಮನೆಯಲ್ಲಿ ಗಂಡ ಹೊರಗಿಂದ ಬಂದವನೇ ಎಲ್ಲಿಗೆ ಹೋಗಿದ್ದಿರಿ, ಯಾರು ಸಿಕ್ಕರು, ಯಾಕೆ ತಡವಾಯಿತು ಎಂದು ಅವಳು ಕೇಳುವ ಮೊದಲೇ ವರದಿ ಒಪ್ಪಿಸುತ್ತಿದ್ದ. ಮೊದಮೊದಲು ತಮಾಷೆಗೆ, ಆಮೇಲೆ ರೂಢಿಯಾಗಿ. ಆ ತಮಾಷೆ ರೂಢಿಯಾಗಿ ಬದಲಾದ ದಿನ ಯಾವುದು ಎಂದು ಅವಳು ಎಷ್ಟೋ ಸಲ ಹುಡುಕಿದ್ದಳು.

ಮುದುಕನ ದೋಣಿಗೆ ಬಿಸಿನೀರು ಹೊಡೆದಳು. ಕೈ ತಾಳಲಾರದಷ್ಟು ಬಿಸಿ ಇರಬೇಕು, ಒಂದೊಂದು ಜಾಗಕ್ಕೂ ಹತ್ತು ಎಣಿಸುವವರೆಗೆ ಬೀಳಬೇಕು, ಇಲ್ಲದಿದ್ದರೆ ನೀರುಜಡೆ ಸಾಯುವುದಿಲ್ಲ. ಕಚೇರಿಯ ಕಾಗದಗಳಲ್ಲಿ ಆ ಕಳೆಗೆ ನಾಲಿಗೆ ಹೊರಳದ ಹೆಸರೊಂದಿತ್ತು. ದೋಣಿಯವರ ಬಾಯಲ್ಲಿ ಅದು ನೀರುಜಡೆ. ದಾರದಂಥ ಕಾಂಡ, ಒಂದೊಂದು ಗೆಣ್ಣಿನ ಸುತ್ತಲೂ ನಾಲ್ಕೈದು ಪುಟ್ಟ ಎಲೆ. ಉಗುರಿನಷ್ಟು ತುಂಡಿನಲ್ಲಿ ಒಂದು ಗೆಣ್ಣಿದ್ದರೆ ಸಾಕು, ಒದ್ದೆ ಹಗ್ಗಕ್ಕೆ ಅಂಟಿಕೊಂಡು ದಿನಗಟ್ಟಲೆ ಬದುಕಿ, ಹೊಸ ನೀರು ಸಿಕ್ಕಿದ ವಾರಕ್ಕೆ ಬೇರು ಬಿಡುತ್ತದೆ. ಮೇಲಿನ ಕೆರೆ ಹೀಗೆಯೇ ಹೋಯಿತು. ಮೊದಲು ಅದನ್ನು ಯಂತ್ರದಿಂದ ಕತ್ತರಿಸಿದರು, ಕತ್ತರಿಸಿದ ಒಂದೊಂದು ತುಂಡೂ ಒಂದೊಂದು ಗಿಡವಾಯಿತು. ಈಗ ಬೇಸಿಗೆಯಲ್ಲಿ ಅಲ್ಲಿ ಹುಟ್ಟು ಹಾಕಿದರೆ ನೀರಿನ ಸದ್ದಿಲ್ಲ, ಹುಲ್ಲು ಬಾಚಿದ ಸದ್ದು. ಕೆಳಗಿನ ಕೆರೆ ಊರಿಗೆಲ್ಲ ಕುಡಿಯುವ ನೀರು ಕೊಡುವ ಕೆರೆ. ಮೇಲಿನಿಂದ ಬಂದ ಯಾವ ದೋಣಿಯೂ ಅವಳ ಕೈ ದಾಟದೆ ಇಲ್ಲಿ ಇಳಿಯುವ ಹಾಗಿರಲಿಲ್ಲ. ದಾಟಿದ ದೋಣಿಯ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆದು, ಎದುರಿಗೆ ‘ತೊಳೆದಿದೆ’ ಎಂದು ಬರೆದು, ಅವಳು ರುಜು ಹಾಕುತ್ತಿದ್ದಳು.

ನೀರು ಸರಬರಾಜು ಕಚೇರಿಯ ಎಂಜಿನಿಯರ್ ಜೀಪಿನಿಂದ ಇಳಿದಾಗ ಅವರ ಕೈಯಲ್ಲಿ ಒಂದು ಬಕೆಟ್ ಇತ್ತು. ಸಾಮಾನ್ಯವಾಗಿ ಬಕೆಟ್ಟಿನಂಥ ವಸ್ತುಗಳನ್ನು ಅವರು ಹಿಡಿಯುವವರಲ್ಲ. ಪಂಪ್‌ಹೌಸಿನವನು ಬೆಳಿಗ್ಗೆ ಜಾಲರಿ ತೊಳೆಯುವಾಗ ಸಿಕ್ಕಿತಂತೆ ಎಂದರು. ಅವಳು ಮಸೂರ ಎತ್ತುವ ಅಗತ್ಯವೇ ಇರಲಿಲ್ಲ, ಆದರೂ ಎತ್ತಿದಳು. ಎಂಜಿನಿಯರ್ ತನ್ನ ಮುಖವನ್ನೇ ನೋಡುತ್ತಿದ್ದಾರೆ, ಮುಖಕ್ಕೆ ಏನಾದರೂ ಅಡ್ಡ ಬೇಕು ಎನ್ನಿಸಿತ್ತು. ಒಂದು ಮೊಳ ಉದ್ದದ ಕಾಂಡ, ಹಸಿರಾಗಿ, ಯಾವ ಕಳ್ಳತನವೂ ಇಲ್ಲದ ಹಾಗೆ ಬಕೆಟ್ಟಿನ ತಳದಲ್ಲಿ ಸುರುಳಿಯಾಗಿ ಮಲಗಿತ್ತು. ಪಂಪ್‌ಹೌಸಿನ ಆಚೆಯ ಕೊಲ್ಲಿಯಲ್ಲಿ ಒಂದು ಮನೆಯ ಅಂಗಳದಷ್ಟು ಹಬ್ಬಿದೆ, ಕೆರೆಗೆ ದೋಣಿ ಇಳಿಸುವುದು ಇವತ್ತಿನಿಂದ ಬಂದ್, ಮೇಲಧಿಕಾರಿಗಳಿಗೆ ತಾನು ಉತ್ತರ ಹೇಳಬೇಕು ಎಂದೆಲ್ಲ ಅವರು ಹೇಳುತ್ತಿದ್ದರು. ಕೊನೆಗೆ ದನಿ ತಗ್ಗಿಸಿ, ‘ಹಾರಿ ಬರೋಕೆ ಇದೇನು ಹಕ್ಕಿಯಲ್ಲ ಮೇಡಂ. ಯಾರೋ ತಂದಿದಾರೆ. ಯಾರು ಅನ್ನೋದು ನಿಮಗಲ್ದೆ ಇನ್ಯಾರಿಗೆ ಗೊತ್ತಿರತ್ತೆ?’ ಎಂದರು. ನಿಮಗಲ್ಲದೆ ಎನ್ನುವುದನ್ನು ಅವರು ಒತ್ತಿ ಹೇಳಿದರೋ, ಅಥವಾ ತನ್ನ ಕಿವಿಯೇ ಒತ್ತಿಕೊಂಡಿತೋ. ಅವರು ರಿಜಿಸ್ಟರನ್ನು ಕಂಕುಳಲ್ಲಿ ಇರಿಸಿಕೊಂಡು ಹೋದರು. ಬಕೆಟ್ ಅಲ್ಲೇ ಬಿಟ್ಟರು. ಮುದುಕ ಇನ್ನೂ ಅಲ್ಲೇ ನಿಂತಿದ್ದ. ತೊಳೆದ ದೋಣಿಯನ್ನು ಮತ್ತೆ ಎಲ್ಲಿಗೆ ಒಯ್ಯುವುದು ಎಂದು ಕೇಳಿದ. ಅವಳ ಎದುರಿಗೆ ಹದಿನಾಲ್ಕು ತಿಂಗಳ ಹಿಂದಿನ ಒಂದು ಮಧ್ಯಾಹ್ನ ಬಂದು ನಿಂತಿತ್ತು.

ಅವತ್ತು ಬಿಸಿನೀರಿನ ಒಲೆ ಹತ್ತಿರಲಿಲ್ಲ. ಗಾಳಿ, ಸಣ್ಣ ಮಳೆ, ಹಿಂದಿನಿಂದ ಹಾರ್ನ್. ಸಾಲಿನಲ್ಲಿ ಮೊದಲನೆಯದು ತಮ್ಮನ ದೋಣಿ. ಮೇಲಿನ ಕೆರೆಯಿಂದ ನೇರವಾಗಿ ಬಂದದ್ದು, ಹಲಗೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಎರಡು ಗಂಟೆ ಕಾದಿದ್ದ. ಬಿಟ್ಟುಬಿಡು ಅಕ್ಕ, ಒಂದು ಸಲ ತಾನೇ ಎಂದು ಅವನು ಅಂಗಲಾಚಿದ. ಒಡಹುಟ್ಟಿದವನು, ಹೇಗೆ ಇಲ್ಲ ಅನ್ನುವುದು, ಹೋಗು ಎಂದಳು. ‘ತೊಳೆದಿದೆ’ ಎಂದು ಬರೆಯುವಾಗ ಪೆನ್ನು ತಡೆಯಲಿಲ್ಲ ಎಂಬುದು ಈಗ ನೆನಪಾಗಿ ಆಶ್ಚರ್ಯವಾಯಿತು. ಹಾಗಾದರೆ ಕಳೆ ಬಂದದ್ದು ಆ ದೋಣಿಯಲ್ಲೇ ಇರಬೇಕು. ಇಷ್ಟು ದಿನ ಅವನು ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ತನ್ನ ಎದುರು ಓಡಾಡುತ್ತಿದ್ದನೆ? ಮೊನ್ನೆ ಅಮ್ಮನ ಮಂಚ ರಿಪೇರಿ ಮಾಡಿಸುವಾಗ ‘ನೀನು ಹೇಳಿದ ಹಾಗೇ ಆಗಲಿ’ ಎಂದು ಅಷ್ಟು ಬೇಗ ಒಪ್ಪಿಕೊಂಡದ್ದು ಯಾಕೆ? ಬಹುಶಃ ಅವನು ಆ ಕೊಲ್ಲಿಯಲ್ಲಿ ಬಲೆ ಹಾಕುತ್ತಾನೆ. ಬಹುಶಃ ಅವನಿಗೆ ಕಳೆ ಕಂಡಿದೆ. ಕಂಡೂ ಬಾಯಿ ಮುಚ್ಚಿಕೊಂಡಿದ್ದಾನೆ. ಬಹುಶಃ ಎಂಬ ಪದ ಮೊದಲೆರಡು ಸಲ ಜೊತೆಗಿತ್ತು, ತಮ್ಮನ ಮನೆಗೆ ಬಸ್ ಹತ್ತುವ ಹೊತ್ತಿಗೆ ಉದುರಿಹೋಗಿತ್ತು.

ತಮ್ಮ ಮನೆಯಲ್ಲಿರಲಿಲ್ಲ. ಅಮ್ಮ ಒಳಗೆ ಮಲಗಿದ್ದಳು. ತಮ್ಮನ ಹೆಂಡತಿ ಇಸ್ತ್ರಿ ಹಾಕುತ್ತಿದ್ದವಳು, ಇಷ್ಟು ಹೊತ್ತಿನಲ್ಲಿ ಅತ್ತಿಗೆ ಬಂದದ್ದಕ್ಕೆ ಅಮ್ಮನ ಕಾಲುನೋವೇ ಕಾರಣವೆಂದು ತಾನೇ ಊಹಿಸಿಕೊಂಡು, ಎಣ್ಣೆ ಬದಲಾಯಿಸಿದ ಮೇಲೆ ವಾಸಿ ಎಂದಳು. ಅವಳು ಹೂಂಗುಟ್ಟಿ, ಹಿತ್ತಿಲಿಗೆ ಹೋಗಿ ಕೈಕಾಲು ತೊಳೆದು ಬರುತ್ತೇನೆಂದು ಹೋಗಿ, ಗೋಡೆಗೆ ಒರಗಿಸಿದ್ದ ದೋಣಿಯ ಮುಂದೆ ಕೂತಳು. ಬಲೆಯ ಗಂಟನ್ನು ಬಿಚ್ಚಿದಳು. ಒಂದೊಂದು ಕಣ್ಣನ್ನೂ ಬೆಳಕಿಗೆ ಹಿಡಿದಳು. ಸೀಸದ ಗುಂಡಿನ ಹತ್ತಿರ ಒಣಗಿದ ಎಳೆಯೊಂದು ಸಿಕ್ಕಿತು. ಮಸೂರದ ಕೆಳಗೆ ಅದು ಗೋಣಿಯ ನಾರಾಯಿತು. ಆ ಕ್ಷಣ ತನಗೆ ಆದದ್ದು ನಿರಾಶೆ ಎಂದು ಅವಳಿಗೆ ಗೊತ್ತಾಯಿತು, ಗೊತ್ತಾದದ್ದನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಬಲೆಗೆ ಕೈ ಹಾಕಿದಳು. ತಲೆ ಎತ್ತಿದರೆ ತಮ್ಮನ ಹೆಂಡತಿ ಟವೆಲ್ ಹಿಡಿದುಕೊಂಡು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಟವೆಲ್ಲನ್ನು ದೋಣಿಯ ಅಂಚಿಗೆ ಹಾಕಿ ಅವಳು ಒಳಗೆ ಹೋದಳು, ಬಾಗಿಲನ್ನು ಮಾತ್ರ ಹಾಕಲಿಲ್ಲ, ನೋಡುವುದಿದ್ದರೆ ಮುಗಿಸಿಕೊಂಡೇ ಬನ್ನಿ ಎನ್ನುವ ಹಾಗೆ. ಬಿಚ್ಚಿದ ಬಲೆಯನ್ನು ಮೊದಲಿನಂತೆ ಮಡಿಚಲು ಅವಳಿಗೆ ಬರಲಿಲ್ಲ. ಎಷ್ಟು ಸಲ ಮಡಿಚಿದರೂ ಬೇರೆಯವರು ಮುಟ್ಟಿದ ಬಲೆಯ ಹಾಗೆಯೇ ಕಾಣುತ್ತಿತ್ತು.

ಎರಡು ದಿನ ಬಿಟ್ಟು ಎಂಜಿನಿಯರ್ ಕರೆಸಿಕೊಂಡು ಕುರ್ಚಿ ತೋರಿಸಿದರು. ಮುಖದಲ್ಲಿ ಮೃದುತ್ವವಿತ್ತು, ಅದು ಅವಳನ್ನು ಹೆದರಿಸಿತು. ನಿಮ್ಮ ತಮ್ಮ ಬಂದು ಒಪ್ಪಿಕೊಂಡಿದ್ದಾನೆ ಎಂದರು. ಹೋದ ವರ್ಷ ಒಂದು ದಿನ ಅವಳು ಊಟಕ್ಕೆ ಹೋಗಿದ್ದಾಗ ತಪಾಸಣೆ ತಪ್ಪಿಸಿ, ಪಂಪ್‌ಹೌಸಿನ ಮಣ್ಣುದಾರಿಯಿಂದ ದೋಣಿಯನ್ನು ತೊಳೆಯದೆ ಇಳಿಸಿದ್ದನಂತೆ. ಅಕ್ಕನಿಗೆ ಇದರ ಗಂಧಗಾಳಿಯೂ ಇಲ್ಲ ಎಂದು ಬರೆದುಕೊಟ್ಟಿದ್ದಾನೆ. ಪರವಾನಗಿ ಒಂದು ವರ್ಷ ಅಮಾನತು, ದೋಣಿಗೆ ಸರಪಳಿ. ನಿಮಗೆ ಬೇಜಾರಾಗುವುದು ಸಹಜ, ಆದರೆ ನಿಮ್ಮ ಕೆಲಸಕ್ಕೆ ಏನೂ ತೊಂದರೆಯಿಲ್ಲ ಎಂದು ಅವರು ನೀರಿನ ಲೋಟವನ್ನು ಮುಂದೆ ತಳ್ಳಿದರು. ಅವಳು ಕುಡಿದಳು. ಕುಡಿಯುತ್ತಿರುವಾಗಲೇ ಹೇಳಿಬಿಡಬಹುದಿತ್ತು. ಲೋಟ ಖಾಲಿಯಾಯಿತು, ಇಟ್ಟಳು, ನಮಸ್ಕಾರ ಹೇಳಿದಳು. ಹೊರಗೆ ಮೆಟ್ಟಿಲಿಳಿಯುವಾಗ ಕೃತಜ್ಞತೆ ಬರಬೇಕಾದ ಜಾಗದಲ್ಲಿ ಬೇರೆ ಏನೋ ಬಂದು ಕೂತಿತ್ತು. ಅವನಿಗೆ ಏನು ಬೇಕು? ನಡೆಯದ ಮಣ್ಣುದಾರಿಯ ಕತೆ ಹುಟ್ಟಿಸಿ ತನ್ನನ್ನು ಉಳಿಸಿದವನು ಅದನ್ನು ಎಂದು, ಯಾವ ರೂಪದಲ್ಲಿ ಎತ್ತಿ ಆಡುತ್ತಾನೆ? ಇನ್ನು ಅಮ್ಮನ ವಿಷಯದಲ್ಲಿ, ಮನೆಯ ವಿಷಯದಲ್ಲಿ, ಯಾವುದರಲ್ಲೂ ಅವನ ಎದುರು ತಾನು ದನಿಯೆತ್ತುವ ಹಾಗಿಲ್ಲ. ಅಥವಾ ಇದು ಶಿಕ್ಷೆಯೇ ಇರಬಹುದು. ಬಲೆ ಬಿಚ್ಚಿ ನೋಡಿದೆಯಲ್ಲ, ತಗೋ, ಕಳ್ಳ ನಾನೇ ಎಂದು ಊರೆದುರು ಹೇಳಿ ಅವಳ ಮುಖಕ್ಕೆ ಹೊಡೆದದ್ದು.

ತಮ್ಮ ಕಟ್ಟೆಯ ಹತ್ತಿರ, ಸರಪಳಿ ಕಳಚಿದ ದೋಣಿಗಳ ಸಾಲಿನಲ್ಲಿ ಇನ್ನೂ ಸರಪಳಿಯಲ್ಲೇ ಇದ್ದ ತನ್ನದಕ್ಕೆ ಟಾರ್ಪಾಲಿನ್ ಹೊದಿಸುತ್ತಿದ್ದ. ಅವಳು ಸುತ್ತಿ ಬಳಸದೆ ಯಾಕೆ ಹೀಗೆ ಮಾಡಿದೆ ಎಂದು ಕೇಳಿದಳು. ಅವನು ಹಗ್ಗದ ತುದಿಯನ್ನು ಹಲ್ಲಿನಲ್ಲಿ ಹಿಡಿದು ಗಂಟು ಹಾಕಿ, ಆಮೇಲೆ ಬಾಯಿ ಬಿಟ್ಟ. ಯಾರೋ ಒಬ್ಬರು ಒಪ್ಪಿಕೊಳ್ಳುವವರೆಗೆ ಎಲ್ಲರ ದೋಣಿಗೂ ಸರಪಳಿ ಎಂದು ಕಚೇರಿಯವರು ಹೇಳಿದ್ದರು, ತನ್ನದಂತೂ ತೊಳೆದಿರಲಿಲ್ಲ, ಅದು ನಿಜ, ನಿನ್ನ ಹೆಸರು ಯಾಕೆ ಎಳೆಯಲಿ ಎಂದ. ಅಷ್ಟು ಸರಳವಾಗಿ ಇರಲು ಸಾಧ್ಯವಿಲ್ಲ ಎಂದು ಅವಳಿಗೆ ಅನ್ನಿಸಿತು.

‘ಅವತ್ತು ನೀನು ಅಷ್ಟು ಗೋಗರೀದೆ ಇದ್ದಿದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ’ ಎಂದಳು.

ಅವನು ಅವಳನ್ನು ನೋಡಿದ. ಸಿಟ್ಟಿರಲಿಲ್ಲ, ದಾರಿಯಲ್ಲಿ ಪರಿಚಯದವರೆಂದು ಮಾತಾಡಿಸಿ ಅಲ್ಲವೆಂದು ಗೊತ್ತಾದಾಗ ನೋಡುವ ಹಾಗೆ ನೋಡಿದ.

‘ನಾನೆಲ್ಲಿ ಕೇಳ್ದೆ ಅಕ್ಕ? ನಾನು ನಾಳೆ ಬರ್ತೀನಿ ಅಂತ ಗಾಡಿ ತಿರುಗಿಸ್ತಾ ಇದ್ದೆ. ನೀನೇ ಓಡಿ ಬಂದು, ಸುಮ್ನೆ ಹೋಗೋ, ನಂಗೂ ಮನೆಗೆ ಹೋಗ್ಬೇಕು ಅಂದೆ.’

ಸುಳ್ಳು ಎಂದು ಬಾಯಿಯವರೆಗೆ ಬಂತು. ಆದರೆ ಗಾಡಿ ತಿರುಗುವಾಗ ಎದ್ದ ಕೆಸರು ತನ್ನ ಸೀರೆಯ ಅಂಚಿಗೆ ಹಾರಿದ್ದು, ತಾನು ಅದನ್ನು ಒರೆಸಿಕೊಳ್ಳುತ್ತ ಕೂಗಿದ್ದು, ಮಳೆಯಲ್ಲಿ ಅವನು ಏನು ಏನು ಎಂದು ಕಿವಿಗೆ ಕೈ ಹಿಡಿದದ್ದು, ಎಲ್ಲ ಒಂದರ ಹಿಂದೊಂದು, ಅಷ್ಟೂ ದಿನ ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದವರ ಹಾಗೆ ಒಳಗೆ ಬಂದವು. ಅಂಗಲಾಚಿದ ತಮ್ಮನನ್ನು ಅವಳು ಎಲ್ಲಿಂದ ತಂದಳು? ಅವನ ಬಾಯಲ್ಲಿ ಆ ಮಾತುಗಳನ್ನು ಇಟ್ಟವರು ಯಾರು? ದೋಣಿಗಳ ಮೂಲೆ ಮೂಲೆ ತಡಕಿದ ಬೆರಳು ಇಲ್ಲಿ ಮಾತ್ರ ಯಾಕೆ ಹೋಗಿರಲಿಲ್ಲ? ತಮ್ಮ ಇನ್ನೊಂದು ಬದಿಯ ಗಂಟಿಗೆ ಹೋದ. ಅವಳು ಮನೆಗೆ ಹೋಗಿ, ಗಂಡ ವರದಿ ಒಪ್ಪಿಸಲು ಬಾಯಿ ತೆರೆದಾಗ ಏನೂ ಹೇಳಬೇಡಿ ಎಂದಳು, ಅವನು ಅದಕ್ಕೂ ಗಾಬರಿಯಾದ.

ಮರುದಿನ ಕಳೆಯ ತಜ್ಞೆ ಬಂದಳು. ಸಣ್ಣ ವಯಸ್ಸು, ಗಂಡಸರ ಕೈಗಡಿಯಾರ, ಎಲ್ಲರನ್ನೂ ಒಂದೇ ಥರ ಮಾತಾಡಿಸುವ ಅಭ್ಯಾಸ. ಕೊಲ್ಲಿಯ ತಳದಿಂದ ಕೊಳವೆಯಲ್ಲಿ ಕೆಸರೆತ್ತಿ ಜರಡಿಯಲ್ಲಿ ತೊಳೆದಳು. ಬಟಾಣಿ ಗಾತ್ರದ, ಬೂದು ಬಣ್ಣದ ಗೆಡ್ಡೆಗಳು ಒಂದೊಂದಾಗಿ ಕಾಣಿಸಿಕೊಂಡವು. ಮೇಲಿನ ಗಿಡ ಸತ್ತರೂ ಈ ಗೆಡ್ಡೆಗಳು ಕೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತವೆ ಎಂದು ವಿವರಿಸಿದಳು. ಎಣಿಸಿದಳು, ಕೆಸರು ಎಷ್ಟು ಆಳದ್ದೆಂದು ಅಳೆದಳು, ಮತ್ತೆ ಎಣಿಸಿದಳು. ಇಷ್ಟು ಗೆಡ್ಡೆ, ಇಷ್ಟು ಆಳದವರೆಗೆ ಕೂಡಿಕೊಳ್ಳಲು ಒಂದೆರಡು ವರ್ಷ ಸಾಲದು, ಕಡಿಮೆಯೆಂದರೂ ಆರೇಳು ವರ್ಷ ಬೇಕು ಎಂದಳು. ಇಷ್ಟು ಕಾಲ ನೀರು ರಾಡಿಯಾಗಿತ್ತು, ಬೆಳಕು ತಳ ಮುಟ್ಟುತ್ತಿರಲಿಲ್ಲ, ಗಿಡ ಮೊಳಕಾಲುದ್ದ ಬೆಳೆದು ಅಲ್ಲೇ ಕೊರಗುತ್ತಿತ್ತು. ಈ ವರ್ಷ ನೀರು ಇಳಿದು ತಿಳಿಯಾಯಿತು, ಎದ್ದು ಬಂತು. ಸುತ್ತ ನಿಂತವರೆಲ್ಲ ಹಾಗಾದರೆ ತಂದವರು ಯಾರು ಎಂದು ಕೇಳಿದರು. ಅದು ಇನ್ನು ಗೊತ್ತಾಗುವ ಮಾತಲ್ಲ, ಗೊತ್ತಾದರೆ ಗೆಡ್ಡೆ ಕಡಿಮೆಯಾಗುತ್ತದೆಯೆ ಎಂದು ತಜ್ಞೆ ಜರಡಿಯನ್ನು ಕೊಡವಿದಳು. ಆರೇಳು ವರ್ಷ. ತಪಾಸಣೆ ಕಟ್ಟೆಗೆ ನಾಲ್ಕು. ತಾನು ಮೊದಲನೆಯ ದೋಣಿಯ ಮುಂದೆ ಮೊಣಕಾಲೂರಿದ ದಿನ, ಬೆನ್ನ ಹಿಂದಿನ ನೀರಿನಲ್ಲಿ ಅದು ಆಗಲೇ ಇತ್ತು. ಸಾವಿರಾರು ಜನರನ್ನು ಬಿಸಿಲಲ್ಲಿ ನಿಲ್ಲಿಸಿ, ಒಂದೇ ಒಂದು ಸಲವೂ ತಾನು ಹಿಂದಿರುಗಿ ನೋಡಿರಲಿಲ್ಲ.

ಎಂಜಿನಿಯರರ ಕೋಣೆಗೆ ಅವಳು ಕರೆಯದೆ ಹೋದಳು. ನಿಂತೇ ಹೇಳಿದಳು. ಮಣ್ಣುದಾರಿಯ ಕತೆ ಸುಳ್ಳು, ದೋಣಿಯನ್ನು ತೊಳೆಯದೆ ಬಿಟ್ಟದ್ದು ತಾನು, ತೊಳೆದಿದೆ ಎಂದು ಬರೆದದ್ದು ತಾನು, ತಮ್ಮ ಕೇಳಿಯೂ ಇರಲಿಲ್ಲ. ಹೇಳುತ್ತ ಹೋದ ಹಾಗೆ ತನ್ನ ದನಿ ಆ ಮುದುಕನ ಉತ್ತರಗಳಂತೆ ತಡವರಿಸದೆ ಬರುತ್ತಿದೆ ಎಂದು ಗೊತ್ತಾಗಿ ಬೇಕೆಂದೇ ನಡುವೆ ನಿಲ್ಲಿಸಿದಳು. ಅದರಿಂದ ಇನ್ನೂ ಕೆಟ್ಟದಾಯಿತು. ಎಂಜಿನಿಯರ್ ರಿಜಿಸ್ಟರ್ ತೆಗೆದು ಆ ದಿನದ ಪುಟವನ್ನು ಅವಳ ಕಡೆಗೆ ತಿರುಗಿಸಿದರು.

‘ಇದು ನಿಮ್ಮ ಕೈಬರಹ. ಇದನ್ನ ನಂಬ್ಲಾ, ಈಗ ನೀವು ಹೇಳೋದನ್ನ ನಂಬ್ಲಾ?’

‘ಈಗ ಹೇಳ್ತಿರೋದನ್ನ.’

‘ಅವನು ನಿಮ್ಮನ್ನ ಉಳಿಸೋಕೆ ಒಂದು ಹೇಳ್ದ, ನೀವು ಅವನನ್ನ ಉಳಿಸೋಕೆ ಇನ್ನೊಂದು ಹೇಳ್ತೀರಿ. ನಂಗೂ ಅಕ್ಕ ಇದಾಳೆ ಮೇಡಂ, ಅರ್ಥ ಆಗತ್ತೆ.’

ಅವರು ಪುಸ್ತಕ ಮುಚ್ಚಿದರು. ಕಳೆ ಹಳೆಯದೆಂದು ಗೊತ್ತಾದ ಮೇಲೆ ಅಮಾನತನ್ನು ಆರು ತಿಂಗಳಿಗೆ ಇಳಿಸಿದ್ದೇನೆ, ಒಪ್ಪಿಕೊಂಡ ತಪ್ಪು ತಪ್ಪೇ, ಅದಕ್ಕಿಂತ ಹೆಚ್ಚಿಗೆ ನನ್ನ ಕೈಲಾಗದು, ಬೇಕಿದ್ದರೆ ಬರೆದುಕೊಡಿ, ಕಡತಕ್ಕೆ ಸೇರಿಸುತ್ತೇನೆ ಎಂದರು. ಅವರ ಕಣ್ಣಿನಲ್ಲಿ ಅವಳು ಚೆನ್ನಾಗಿ ಬಲ್ಲ ಒಂದು ನೋಟವಿತ್ತು. ಎದುರಿನವರ ಮಾತು ಮುಗಿಯುವವರೆಗೆ ಸೌಜನ್ಯದಿಂದ ಕಾಯುವ, ಮಾತಿನ ಹಿಂದೆ, ಗಂಟುಗಳೊಳಗೆ, ಸಂದಿಯಲ್ಲಿ ಬೆರಳಾಡಿಸುವ ನೋಟ. ಅದರ ಕೆಳಗೆ ನಿಂತರೆ ನಿಜ ಹೇಳುವವರಿಗೂ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಅವಳು ಪಕ್ಕದ ಬೆಂಚಿನಲ್ಲಿ ಕೂತು ಒಂದು ಹಾಳೆ ತುಂಬ ಬರೆದು, ಕೊಟ್ಟು, ಬಂದಳು.

ಕೆರೆಗೆ ದೋಣಿ ಇಳಿಯುವುದು ನಿಂತಿದ್ದರಿಂದ ಕಟ್ಟೆಯಲ್ಲಿ ತಪಾಸಣೆಗೆ ಏನೂ ಉಳಿದಿರಲಿಲ್ಲ. ತಜ್ಞೆ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಸಣ್ಣ ಕಣ್ಣಿನ ಪರದೆ ಬಲೆ ಕಟ್ಟಿಸಿ, ಆಳದ ಭಾಗಕ್ಕೆ ಬೆಳಕು ಹೋಗದಂತೆ ದಪ್ಪ ಚಾಪೆ ಹಾಸಿಸಿದಳು. ಅಂಚಿನ ಸೊಂಟದುದ್ದದ ನೀರಿನಲ್ಲಿ ಮಾತ್ರ ಕೈಯಿಂದಲೇ ಕೀಳಬೇಕು, ಬೇರಿನ ಹತ್ತಿರ ಬೆರಳು ಹೂತು, ನಿಧಾನವಾಗಿ, ಒಂದು ತುಂಡೂ ತೇಲಿಹೋಗದ ಹಾಗೆ. ಮೂರು ವರ್ಷವಾದರೂ ಬೇಕು ಎಂದಿದ್ದಳು. ಮೀನುಗಾರರನ್ನೂ ಕಚೇರಿಯವರನ್ನೂ ಒಟ್ಟಿಗೆ ಸಾಲಾಗಿ ನಿಲ್ಲಿಸಿದರು. ಹನ್ನೊಂದು ಜನ. ಅವಳ ಎಡಕ್ಕೆ ತಮ್ಮ. ಅವಳು ಕಚೇರಿಗೆ ಹೋಗಿ ಹೇಳಿದ್ದು ಅವನಿಗೆ ತಿಳಿದಿತ್ತೋ ಇಲ್ಲವೋ. ಬೆಳಗಿನಿಂದ ಅವನು ನೀರು ತಣ್ಣಗಿದೆ ಎಂದು ಒಂದು ಸಲ, ಅಮ್ಮ ನಿನ್ನನ್ನು ಕೇಳುತ್ತಿದ್ದಳು ಎಂದು ಇನ್ನೊಂದು ಸಲ ಬಿಟ್ಟರೆ ಮಾತಾಡಿರಲಿಲ್ಲ. ಅಮ್ಮ ಏನು ಕೇಳಿದಳು, ಅವನ ಹೆಂಡತಿ ಟವೆಲ್ಲಿನ ಮಾತು ಹೇಳಿದ್ದಾಳೆಯೆ, ಹಗಲೆಲ್ಲ ಅವಳ ತಲೆ ಅದನ್ನೇ ತಿರುವಿ ತಿರುವಿ ನೋಡುತ್ತಿತ್ತು. ಕೈ ಮಾತ್ರ ಕೆಲಸ ಮಾಡುತ್ತಿತ್ತು. ಹಾಗೆ ಮಾಡುತ್ತಿರುವಾಗ ಒಂದು ಕಾಂಡ ಅರ್ಧಕ್ಕೆ ತುಂಡಾಯಿತು. ಬುಡ ಅವಳ ಮುಷ್ಟಿಯಲ್ಲಿ ಉಳಿಯಿತು, ತುದಿ ಬೆರಳ ಸಂದಿಯಿಂದ ಜಾರಿ, ಕಲಕಿದ ನೀರಿನಲ್ಲಿ ಒಂದು ಸಲ ಹಸಿರಾಗಿ ಮಿನುಗಿ, ಇಲ್ಲವಾಯಿತು.

ಯಾರೂ ನೋಡಿರಲಿಲ್ಲ. ತಮ್ಮ ಬಾಗಿದ್ದ. ತಜ್ಞೆ ದಡದಲ್ಲಿ ಗೋಣಿಯ ಬಾಯಿ ಹೊಲಿಯುತ್ತಿದ್ದಳು. ತುಂಡು ಎಷ್ಟಿತ್ತು, ಬೆರಳುದ್ದ, ಇರಲಾರದು, ಹೇಗೂ ಮುಂದೆ ಪರದೆ ಇದೆ, ಅಲ್ಲಿ ಸಿಕ್ಕಿಬೀಳುತ್ತದೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ಅವಳ ಮನಸ್ಸು ಜೋಡಿಸಿಟ್ಟಿತು. ಎಷ್ಟು ಬೇಗ, ಎಷ್ಟು ಅಚ್ಚುಕಟ್ಟಾಗಿ ಜೋಡಿಸಿತೆಂದು ನೋಡಿ ಅವಳಿಗೆ ಭಯವಾಯಿತು.

‘ಒಂದು ತುಂಡು ಹೋಯ್ತು’ ಎಂದಳು. ದನಿ ಸಣ್ಣದಾಗಿತ್ತು, ಮತ್ತೆ ಹೇಳಬೇಕಾಯಿತು. ‘ನನ್ನ ಕೈಯಿಂದ ಒಂದು ತುಂಡು ಹೋಯ್ತು.’

ತಜ್ಞೆ ಎದ್ದು ನಿಂತು ಯಾರೂ ಕಾಲು ಎತ್ತಬೇಡಿ ಎಂದಳು. ಹನ್ನೊಂದು ಜನವೂ ಇದ್ದಲ್ಲೇ ನಿಂತರು. ಯಾರೋ ಭೂತಗನ್ನಡಿ ಎಂದು ಗೊಣಗಿದರು, ಇನ್ನಾರೋ ನಕ್ಕರು. ಕೆಸರು ತಳ ಸೇರುವವರೆಗೆ ಎಲ್ಲರೂ ನೀರನ್ನೇ ನೋಡುತ್ತ ಕಾದರು. ಬಿಸಿಲು ಏರುತ್ತಿತ್ತು, ಪಾದಗಳು ಮರಗಟ್ಟುತ್ತಿದ್ದವು, ತನ್ನೊಬ್ಬಳಿಗಾಗಿ ಇಷ್ಟು ಜನ ನಿಂತಿದ್ದಾರೆ ಎಂಬ ನಾಚಿಕೆ ಕುತ್ತಿಗೆಯಿಂದ ಮೇಲೇರಿ ಕಿವಿ ಸುಡುತ್ತಿತ್ತು. ಬಹಳ ಹೊತ್ತಾದ ಮೇಲೆ ತಮ್ಮ ಮೆಲ್ಲಗೆ ಬಗ್ಗಿ, ಎರಡೂ ಅಂಗೈಗಳನ್ನು ಕೂಡಿಸಿ ನೀರು ಎತ್ತಿ ಅವಳ ಮುಂದೆ ಹಿಡಿದ. ಬೊಗಸೆಯ ನಡುವೆ ಒಂದು ಹಸಿರು ಎಳೆ ತೇಲುತ್ತಿತ್ತು.

‘ಇದೇನಾ ಅಕ್ಕ?’

ಅವಳು ನೋಡಿದಳು. ನಾಲ್ಕು ಗೆಣ್ಣು, ತುದಿಯಲ್ಲಿ ಎಳೆಯ ಎಲೆಗಳ ಗೊಂಚಲು. ಕೆರೆಯಲ್ಲಿರುವ ಎಲ್ಲ ತುಂಡುಗಳೂ ಹೀಗೆಯೇ ಇದ್ದವು. ಸಾಲಿನಲ್ಲಿ ನಿಂತವರೆಲ್ಲ ಹೌದು ಎನ್ನಲಿ ಎಂದು ಅವಳ ಬಾಯಿಯನ್ನೇ ಕಾಯುತ್ತಿದ್ದರು, ಒಬ್ಬ ಆಗಲೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ.

‘ಗೊತ್ತಿಲ್ಲ ಕಣೋ’ ಎಂದಳು.

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿ, ತಲೆಯಾಡಿಸಿ, ಎಳೆಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡ. ಆಮೇಲೆ ಮತ್ತೆ ನೀರಿಗೆ ಬಗ್ಗಿದ. ಅವಳೂ ಅವನ ಪಕ್ಕದಲ್ಲಿ ಬಗ್ಗಿದಳು.